ಕ್ಲಾಂಗಿನಲ್ಲಿ ಎಲೆಬಳ್ಳಿ ಬೆಳೆಸಿದ ಶಿವಪ್ಪ

ಶಿವಪ್ಪನನ್ನು ನಾನು ಮೊದಲು ನೋಡಿದ್ದು ನನ್ನ ಮಗಳು ವೇದಾಳ ಮನೆಯ ಹಿತ್ತಲ ಗೇಟಿನಿಂದ. ಎರಡು ಸಾವಿರದ ಇಪ್ಪತ್ತನೇ ಇಸವಿ, ಮಾರ್ಚ್ ತಿಂಗಳ ಕೊನೆ. ಮೂರು ತಿಂಗಳಿದ್ದು ಹೋಗೋಣವೆಂದು ಮೈಸೂರಿನಿಂದ ಮಲಯ ದೇಶದ ಈ ಕ್ಲಾಂಗ್ ಊರಿಗೆ ಬಂದವಳು ನಾನು. ಬಂದ ಐದನೇ ವಾರಕ್ಕೆ ವಿಮಾನ ನಿಂತು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದಿತ್ತು. ಅಳಿಯ ರಮಾನಂದ ಬಂದರಿನಲ್ಲಿ ಕೆಲಸ ಮಾಡುವವರು, ಹೇಗೂ ಹೊರಗೆ ಹೋಗುವವರೇ, ಅವರೇ ಎಲ್ಲ ತರುತ್ತಿದ್ದರು. ನನಗೆ ಉಳಿದದ್ದು ಹಿತ್ತಲ ಗೇಟು. ಗೇಟಿನಾಚೆ ಒಂದು ಮಾರು ಅಗಲದ ಮೋರಿ, ಇಲ್ಲಿಯವರು ಅದನ್ನು ಲೊಂಕಾಂಗ್ ಅನ್ನುತ್ತಾರೆ. ಅದರ ಮೇಲೊಂದು ಹಲಗೆ. ಹಲಗೆ ದಾಟಿದರೆ ಶಿವಪ್ಪನ ಎಲೆತೋಟ.

ವೀಳ್ಯದೆಲೆಯ ತೋಟ ಕ್ಲಾಂಗಿನಲ್ಲಿರುತ್ತದೆಂದು ನಾನು ಎಣಿಸಿರಲಿಲ್ಲ. ಹನ್ನೆರಡು ಸಾಲು, ಸಾಲಿಗೆ ಹತ್ತು ಬಳ್ಳಿ. ಬಳ್ಳಿ ಹಬ್ಬಲು ಅಗಸೆ ಮರ. ನಮ್ಮಲ್ಲಿ ಅಗಸೆ ಅನ್ನುವುದನ್ನೇ ಇಲ್ಲಿ ತುರಿ ಅನ್ನುತ್ತಾರೆ. ಇಷ್ಟನ್ನೂ ನೋಡಿಕೊಳ್ಳುವವನು ಒಬ್ಬನೇ.

ಅವನು ಸವಣೂರಿನವನು. ಅಪ್ಪನಿಗೆ ಇಪ್ಪತ್ತು ಗುಂಟೆ ಎಲೆತೋಟವಿತ್ತು, ಗಂಡುಮಕ್ಕಳು ನಾಲ್ವರು. ಕೊನೆಯವನಾದ ಶಿವಪ್ಪ ಮೂವತ್ತಮೂರನೇ ವಯಸ್ಸಿಗೆ ರಸ್ತೆ ಕಂಟ್ರಾಕ್ಟರನೊಬ್ಬನ ಆಳುಗಳಿಗೆ ರೊಟ್ಟಿ ಬೇಯಿಸುವವನಾಗಿ ಈ ದೇಶಕ್ಕೆ ಬಂದ. ರಸ್ತೆ ಮುಗಿಯಿತು, ಕಂಟ್ರಾಕ್ಟರ ಹೋದ, ಇವನು ಖೂ ಎಂಬ ಚೀನೀ ಯಜಮಾನನ ಗಿಡದ ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದ. ಯಜಮಾನನಿಗೆ ಇಲ್ಲಿ ಟೌಕೆ ಅನ್ನುತ್ತಾರೆ. ಟೌಕೆಯ ಜಾಗವೊಂದು ರಸ್ತೆ ಪಕ್ಕ ಹಾಳುಬಿದ್ದಿತ್ತು, ನರ್ಸರಿಯ ಕೆಲಸ ಮುಗಿದ ಮೇಲೆ ಅದರಲ್ಲಿ ಬಳ್ಳಿ ಹಾಕಿಕೊಳ್ಳುತ್ತೇನೆಂದು ಕೇಳಿದ. ಹಾಕಿಕೋ ಅಂದರು. ಊರಿನಿಂದ ಬಳ್ಳಿ ತರಲಿಲ್ಲ, ತರಬಾರದೆಂದು ಕಾನೂನಿದೆ. ಪಕ್ಕದ ಕಂಪೊಂಗಿನ, ಅಂದರೆ ಹಳ್ಳಿಯ, ಮಲಯ ಅಜ್ಜಿಯೊಬ್ಬಳ ಬೇಲಿಯಿಂದ ತುಂಡು ಬೇಡಿ ತಂದು, ಖಾರ ಕಡಿಮೆಯಿರುವ ಎಲೆ ಬಿಟ್ಟದ್ದನ್ನು ಮಾತ್ರ ಉಳಿಸಿ, ಮಿಕ್ಕಿದ್ದನ್ನು ಕಿತ್ತು, ಉಳಿದದ್ದರಿಂದ ಮತ್ತೆ ತುಂಡು ಮಾಡಿ, ಹೀಗೆ ಒಂಬತ್ತು ವರ್ಷ ಆರಿಸಿದ. ಒಂಬತ್ತನೇ ವರ್ಷ ಒಂದು ಎಲೆ ಅಗಿದು, ಹೂಂ, ನಮ್ಮ ಸವಣೂರ ಅಂಬಾಡಿ ಎಲಿ ಹತ್ತಿರ ಬಂತು, ಅಂದುಕೊಂಡನಂತೆ. ಹೆಂಡತಿ, ಮಗಳು ಸವಣೂರಿನಲ್ಲೇ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದ. ನಾನು ನೋಡುವಾಗ ಅವನಿಗೆ ಅರವತ್ತು. ಬಾಂಗ್ಸಾರಿನ ಕನ್ನಡದವರ ಮನೆಗಳಿಗೆ, ಕ್ಲಾಂಗಿನ ತಮಿಳರ ಹೂವಿನಂಗಡಿಗಳಿಗೆ ಅವನದೇ ಎಲೆ ಹೋಗುತ್ತಿತ್ತು.

ಮೊದಲ ದಿನ ಹಲಗೆಯ ಮೇಲೆ ಕಾಲಿಟ್ಟಾಗ ತೋಟದೊಳಗಿನಿಂದ ದನಿ ಬಂತು.

"ಅವ್ವಾರ, ಚಪ್ಪಲ್ ಅಲ್ಲೇ ಬಿಡ್ರಿ. ತೊಟ್ಟಿ ಐತಿ, ಕಾಲು ತೊಳಕೊಂಡ ಬರ್ರಿ."

"ನಾನು ಬರಬಹುದೇನಪ್ಪಾ? ಗಂಡ ಇಲ್ಲದವಳು. ಪೂಜೆಗೆ ಹೋಗೋ ಎಲೆ."

"ಬಳ್ಳಿಗೆ ಅದೆಲ್ಲ ಎಲ್ಲಿ ತಿಳೀತೈತ್ರಿ? ಅದಕ್ಕ ಕಾಲು ತೊಳದಿದ್ರ ಸಾಕು."

ಕಾಲಿನ ವಿಷಯದಲ್ಲಿ ಮಾತ್ರ ಅವನು ಯಾರನ್ನೂ ಬಿಡುತ್ತಿರಲಿಲ್ಲ. ತೋಟದ ಬಾಗಿಲ ಪಕ್ಕ ನೀಲಿ ಪ್ಲಾಸ್ಟಿಕ್ ಪೀಪಾಯಿಯನ್ನು ಅರ್ಧಕ್ಕೆ ಕೊಯ್ದು ಅಂಚಿನವರೆಗೆ ನೆಲದಲ್ಲಿ ಹೂತಿದ್ದ. ಟೌಕೆ ಬಂದರೂ ಬೂಟು ಬಿಚ್ಚಿ ಅದರಲ್ಲಿ ಕಾಲಿಳಿಸಿಯೇ ಒಳಗೆ ಬರಬೇಕು. ಸಂಜೆ ತೊಟ್ಟಿಯ ತಳದ ಬಟ್ಟೆ ಬಿರಟೆ ಎಳೆದರೆ ನೀರು ಕೊಳವೆಯಲ್ಲಿ ಹರಿದು ಮೊದಲನೇ ಸಾಲಿಗೆ, ಅಲ್ಲಿಂದ ಎರಡು, ಮೂರು, ನಾಲ್ಕನೇ ಸಾಲಿಗೆ ಹೋಗಿ ಇಂಗುತ್ತಿತ್ತು. ಎಲೆ ಬೇಡಿ ಬಂದವರ ಕಾಲು ತೊಳೆದ ನೀರು ಮೋರಿಗೆ ಹೋಗಬಾರದು, ಬಳ್ಳಿಗೆ ಹೋಗಬೇಕು ಎಂದು ಅವನ ಅಪ್ಪನ ಕಾಲದ ಪದ್ಧತಿ.

ಜೂನಿನಲ್ಲಿ ಓಡಾಟ ಸ್ವಲ್ಪ ಸಡಿಲವಾಯಿತು. ಎಲೆಗೆ ಜನ ಬರತೊಡಗಿದರು. ಮುಖಕ್ಕೆ ಮಾಸ್ಕ್, ಕೈಗೆ ಸ್ಯಾನಿಟೈಸರ್ ಎಲ್ಲ ಸರಿ, ಕಾಲು ಮಾತ್ರ ಎಲ್ಲರೂ ಅದೇ ತೊಟ್ಟಿಯಲ್ಲಿ ಅದ್ದುತ್ತಿದ್ದರು. ಶಿವಪ್ಪನಿಗೆ ನರ್ಸರಿಯಲ್ಲಿ ಕೆಲಸ ಹೆಚ್ಚಿತ್ತು. ಮನೆಯಲ್ಲಿ ಕೂತವರೆಲ್ಲ ಕುಂಡದ ಗಿಡ ಕೊಳ್ಳುತ್ತಿದ್ದ ಕಾಲ ಅದು.

"ಅವ್ವಾರ, ತೊಟ್ಟಿ ನಿಮ್ಮ ವಶ," ಅಂದ. "ಬೆಳಗ್ಗೆ ಹೊಸ ನೀರು ತುಂಬ್ರಿ. ಸಂಜಿಗೆ ನಾ ಬಂದು ಬಿಡತೀನಿ."

ವಶಕ್ಕೆ ಬಂದ ಕೆಲಸವನ್ನು ಬರೀ ನೀರು ತುಂಬಿ ಬಿಡುವುದು ನನಗೆ ಸರಿಕಾಣಲಿಲ್ಲ. ಊರಿನಲ್ಲಾಗಿದ್ದರೆ ಅರಿಶಿನ ಹಾಕುತ್ತಿದ್ದೆ. ಇಲ್ಲಿ ವೇದಾ ನೆಲ ಒರೆಸುವ ನೀರಿಗೆ ಫಿನಾಯಿಲ್ ಹಾಕುತ್ತಿದ್ದಳು. ಎರಡೂ ಇರಲಿ ಎಂದು ಎರಡು ಚಮಚ ಅರಿಶಿನ, ಎರಡು ಮುಚ್ಚಳ ಫಿನಾಯಿಲ್ ಹಾಕಿದೆ. ಶಿವಪ್ಪ ನೋಡಿ, "ಛಲೋ ಮಾಡೀರಿ, ಯಾವ ಜಡ್ಡೂ ಒಳಗ ಬರಂಗಿಲ್ಲ," ಅಂದ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ ನಾನು.

ಜುಲೈ ಎರಡನೇ ವಾರ ಮೊದಲನೇ ಸಾಲಿನ ಮೂರು ಬಳ್ಳಿ ಬಾಡಿದವು. ನೀರು ಸಾಲದೆಂದು ಶಿವಪ್ಪ ಇನ್ನೊಂದು ಬಿಂದಿಗೆ ಹಾಕಿದ. ನಾಲ್ಕನೇ ದಿನಕ್ಕೆ ಎಲೆ ಹಳದಿಯಾಗಿ ಜೋತುಬಿದ್ದವು. ನಾನು ಬುಡದ ಹತ್ತಿರ ಕೂತು ಗೊಬ್ಬರ ಸರಿಸಿ ನೋಡಿದೆ. ಬುಡದ ಸುತ್ತ ಬಿಳಿ ನೂಲು, ಹತ್ತಿಯ ಎಳೆ ಬಿಡಿಸಿ ಹರಡಿದ ಹಾಗೆ. ನೂಲಿನ ಮೇಲೆ ಕಂದು ಬಣ್ಣದ ಸಣ್ಣ ಗುಂಡುಕಾಳು.

"ಶಿವಪ್ಪ, ಇಲ್ಲಿ ಸಾಸಿವೆ ಚೆಲ್ಲಿದೆಯಾ?"

ಅವನು ಬಂದು ನೋಡಿದ. ಒಂದು ಕಾಳು ತೆಗೆದು ಉಗುರಲ್ಲಿ ಒತ್ತಿದ, ಒಡೆಯಲಿಲ್ಲ. ಆಮೇಲೆ ನಿಧಾನಕ್ಕೆ, "ಇದು ಬಂತಂದ್ರ ತೋಟ ಹೋತ್ರಿ. ನಮ್ಮ ದೊಡ್ಡಪ್ಪನ ತೋಟ ಹಿಂಗ ಹೋಗಿತ್ತು, ಒಂದ ಮಳಿಗಾಲದಾಗ," ಅಂದ. ಬಳ್ಳಿಯನ್ನು ಬುಡ ಸಮೇತ ಕಿತ್ತು, ಸುತ್ತಲಿನ ಮಣ್ಣು ಒಂದು ಬಾಂಡಲಿ ತೆಗೆದು, ತೋಟದಾಚೆ ಒಯ್ದು ಸುಟ್ಟ.

ಹೂವಿನಂಗಡಿಯವನು ಮೈಲುತುತ್ತ ಹೊಡೆ ಅಂದ. ಶಿವಪ್ಪ ಒಪ್ಪಲಿಲ್ಲ. ಅಡಿಕೆ ಬೇಯಿಸುತ್ತಾರೆ, ತೆಂಗಿಗೆ ಚಿಪ್ಪಿದೆ, ಎಲೆಯನ್ನು ಒರೆಸಿ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಕೂಸಿಗೆ ಹೊಟ್ಟೆ ಉಬ್ಬರಿಸಿದರೆ ಎಲೆಗೇ ಎಣ್ಣೆ ಸವರಿ ಬೆಚ್ಚಗೆ ಮಾಡಿ ಹೊಟ್ಟೆಗೆ ಹಾಕುತ್ತಾರೆ. "ಯಾರದ್ದೋ ಕೂಸಿನ ಹೊಟ್ಟಿಗೆ ನಾ ವಿಷ ಅಂಟಸಲೇನ್ರಿ?" ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಆಗಸ್ಟಿನಲ್ಲಿ ಟೌಕೆ ಬಂದರು. ಸಣ್ಣ ಆಳು, ಎಪ್ಪತ್ತರ ಆಸುಪಾಸು, ಚಡ್ಡಿ, ಬನಿಯನ್. ಕಾಲು ತೊಳೆದು ಒಳಗೆ ಬಂದು ಮುಂದಿನ ಸಾಲು ನೋಡಿದರು. ಆ ಹೊತ್ತಿಗೆ ಹದಿನಾಲ್ಕು ಬಳ್ಳಿ ಹೋಗಿದ್ದವು.

"ಹಬೀಸ್ ಲಾ," ಅಂದರು.

"ಮುಗೀತು ಅಂತಾರ," ಎಂದು ಶಿವಪ್ಪ ನನಗೆ ಹೇಳಿದ.

ಆಮೇಲೆ ಅವರಿಬ್ಬರೂ ಮಲಯದಲ್ಲಿ ಮಾತಾಡಿದ್ದನ್ನು ಅವನೇ ತಿಳಿಸಿದ. ಬಂದರಿನಲ್ಲಿ ಕಂಟೇನರ್ ತುಂಬಿಹೋಗಿವೆ, ಲಾರಿ ನಿಲ್ಲಿಸಲು ಜಾಗವಿಲ್ಲ. ಈ ಜಾಗಕ್ಕೆ ಇಬ್ಬರು ಲಾರಿಯವರು ಕೇಳುತ್ತಿದ್ದಾರೆ. ಹಸಿರಾಗಿದ್ದಷ್ಟು ದಿನ ಟೌಕೆಗೂ ಈ ತೋಟ ಬೇಕು, ಗಿಡ ನಂಬಿದವರು ಅವರು. ಸತ್ತ ಬಳ್ಳಿಗೆ ಜಾಗ ಯಾಕೆ? ಚೀನೀ ಹೊಸ ವರ್ಷಕ್ಕೆ ಬಂದು ನೋಡುತ್ತೇನೆ, ಬಳ್ಳಿ ನಿಂತಿದ್ದರೆ ನಿನ್ನದು, ಇಲ್ಲದಿದ್ದರೆ ಸಿಮೆಂಟ್ ಹಾಕಿಸುತ್ತೇನೆ. ಆ ಹೊಸ ವರ್ಷ ಮುಂದಿನ ಫೆಬ್ರುವರಿ ಹನ್ನೆರಡಕ್ಕೆ ಬಿದ್ದಿತ್ತು.

"ಒಂಬತ್ತು ವರ್ಷ ಆರಿಸಿದ ಬಳ್ಳಿ," ಅಂದೆ ನಾನು. "ಬೇರೆ ಕಡೆ ತುಂಡು ನೆಡಬಾರದಾ?"

"ಎಲ್ಲಿ ನೆಡಲ್ರಿ? ಜಡ್ಡು ತುಂಡಿನ ಸಂಗಾಟ ಹೋಗತೈತಿ. ಮತ್ತ ಜಾಗ ಯಾರ ಕೊಡತಾರ, ಈ ಕಾಲದಾಗ?"

ಗಣೇಶನ ಹಬ್ಬಕ್ಕೆ ವೇದಾ ಅಕ್ಷಯಾಳನ್ನು ಊಟಕ್ಕೆ ಕರೆದಿದ್ದಳು. ತುಮಕೂರಿನ ಹುಡುಗಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಗಿಡಗಳ ಬೂಷ್ಟುರೋಗದ ಮೇಲೆ ಓದುತ್ತಿದ್ದಳು. ಊರಿಗೆ ಹೋಗಲಾಗದೆ ರೂಮಿನಲ್ಲಿ ಒಂಟಿಯಾಗಿದ್ದಳು. ತಾಂಬೂಲಕ್ಕೆ ಎಲೆ ತರಲು ನನ್ನ ಜೊತೆ ಹಲಗೆ ದಾಟಿದವಳು ಮೊದಲನೇ ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ರೇಷ್ಮೆ ಸೀರೆ ಮಣ್ಣಾಗುತ್ತದೆ ಅಂದರೂ ಏಳಲಿಲ್ಲ.

"ಅಜ್ಜಿ, ಇದು ಸಾಸಿವೆ ಥರ ಇದೆಯಲ್ಲ, ಇದೇ ರೋಗದ ಬೀಜ. ವರ್ಷಗಟ್ಟಲೆ ಮಣ್ಣಲ್ಲಿ ಸುಮ್ನೆ ಬಿದ್ದಿರುತ್ತೆ. ನೀರು, ಶೆಕೆ ಸಿಕ್ಕಿದ್ರೆ ಎದ್ದು ಬುಡ ತಿನ್ನುತ್ತೆ."

"ಇದಕ್ಕೆ ಮದ್ದಿಲ್ಲವೇನಮ್ಮಾ?"

"ಇದನ್ನ ತಿನ್ನೋದೂ ಇದೆ. ಅದೂ ಫಂಗಸ್ಸೇ. ಹಸಿರು ಬೂಷ್ಟು. ಒಳ್ಳೇ ಮಣ್ಣಲ್ಲಿ ಅದಾಗೇ ಇರುತ್ತೆ, ಟ್ರೈಕೋಡರ್ಮಾ ಅಂತ. ಈ ಬೀಜಕ್ಕೆ ಸುತ್ತಿಕೊಂಡು ಒಳಗೆ ಹೋಗಿ ಅದನ್ನ ಖಾಲಿ ಮಾಡುತ್ತೆ. ಎಲೆಗೆ ಏನೂ ಆಗಲ್ಲ, ತಿನ್ನೋರಿಗೂ ಏನೂ ಆಗಲ್ಲ."

ಶಿವಪ್ಪ ಹೆಸರನ್ನು ಎರಡು ಸಲ ಹೇಳಿಸಿಕೊಂಡ. "ಕೊನಿಗೆ ಧರ್ಮಾ ಐತಲ್ರಿ, ಸಾಕು," ಅಂದ.

ಮುಂದಿನ ವಾರ ಅವಳು ಒಂದು ಚೀಲ ಕಳಿಸಿದಳು. ಬಿಡಿಬಿಡಿ ಅನ್ನ, ಮೇಲೆ ಪಾಚಿ ಬಣ್ಣದ ಪುಡಿ. ಅದನ್ನು ಹೆಪ್ಪಿನ ಹಾಗೆ ಇಟ್ಟುಕೊಂಡು ನಾವೇ ಬೆಳೆಸಬೇಕು. ಅಕ್ಕಿಯನ್ನು ಮುಕ್ಕಾಲು ಬೇಯಿಸಬೇಕು, ಉಪ್ಪು ಹಾಕಬಾರದು, ಬಸಿದು ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಇಡ್ಲಿಯ ಹಾಗೆ ಹಬೆಯಲ್ಲಿಟ್ಟು, ಪೂರ್ತಿ ತಣ್ಣಗಾದ ಮೇಲೆ ಒಂದು ಚಮಚ ಹೆಪ್ಪು ಹಾಕಿ ಬಾಯಿ ಕಟ್ಟಬೇಕು. ಮೂರನೇ ದಿನ ಬಿಳಿ, ಐದನೇ ದಿನ ಹಸಿರು. ಜನ್ಮವೆಲ್ಲ ಅನ್ನಕ್ಕೆ ಬೂಷ್ಟು ಬರದ ಹಾಗೆ ನೋಡಿಕೊಂಡವಳು ಬೂಷ್ಟು ಬರಲೆಂದು ಕಾಯುತ್ತಾ ಕೂತೆ.

ವೇದಾ ಫ್ರಿಜ್ಜಿನ ಮೇಲೆ ಸಾಲಾಗಿ ಕೂತ ಚೀಲ ನೋಡಿ, "ಅಮ್ಮಾ, ಇದು ಅಡುಗೆಮನೆ ಲಾ. ರಮಾನಂದ್ ಹಸಿವಲ್ಲಿ ಬಿಚ್ಚಿ ತಿಂದ್ರೆ?" ಅಂದಳು.

"ತಿಂದರೆ ಅವರಿಗೆ ಬುಡರೋಗ ಬರಲ್ಲ, ಬಿಡು."

ಹನ್ನೆರಡು ಚೀಲದಲ್ಲಿ ಒಂದು ಕಪ್ಪಾಯಿತು, ಎಸೆದೆ. ಹನ್ನೊಂದನ್ನು ಶಿವಪ್ಪ ಬೇವಿನ ಹಿಂಡಿ, ಹಳೆಯ ಸಗಣಿ ಗೊಬ್ಬರದ ಜೊತೆ ಬೆರೆಸಿ, ಗೋಣಿ ಹೊದಿಸಿ ಎಂಟು ದಿನ ನೆರಳಲ್ಲಿಟ್ಟ. ಗೊಬ್ಬರವೆಲ್ಲ ಹಸಿರು ಬೂದಿ ಬಿದ್ದ ಹಾಗಾಯಿತು. ಸೆಪ್ಟೆಂಬರ್ ಹತ್ತರಿಂದ ಬಳ್ಳಿಗೆ ಎರಡು ಮುಷ್ಟಿಯಂತೆ ಬುಡಕ್ಕೆ ಹಾಕಿದೆವು. ಹಾಕಿದ ದಿನ, ಬಾಡಿದ ದಿನ, ಕಿತ್ತ ದಿನ ಎಲ್ಲವನ್ನೂ ನಾನು ತಮಿಳು ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಸಾಲಿನ ನಂಬರು ಹಾಕಿ ಗುರುತು ಮಾಡುತ್ತಿದ್ದೆ. ಅಕ್ಷರ ನಿಧಾನ, ಅಂಕಿ ನನಗೆ ಸಲೀಸು.

ಹಿಂದಿನ ಸಾಲುಗಳಲ್ಲಿ ಗೊಬ್ಬರ ಸರಿಸಿದರೆ ಹಸಿರು ಕಾಣುತ್ತಿತ್ತು. ಅಲ್ಲಿ ಐದರಿಂದ ಹನ್ನೆರಡನೇ ಸಾಲಿನವರೆಗೆ ಎರಡೇ ಬಳ್ಳಿ ಹೋದವು. ಮುಂದಿನ ನಾಲ್ಕು ಸಾಲಿನಲ್ಲಿ ಎಷ್ಟು ಹಾಕಿದರೂ ಹಸಿರು ಹತ್ತಲಿಲ್ಲ. ಅನ್ನದ ಅಗುಳು ಒಣಗಿ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಬಿಳಿ ನೂಲು, ಸಾಸಿವೆ ಕಾಳು ಮಾತ್ರ ಹೆಚ್ಚುತ್ತಾ ಹೋದವು. ಎರಡನೇ ಸಲ ಹಾಕಿದೆವು, ಮೂರನೇ ಸಲ ಹಾಕಿದೆವು. ಒಂದೇ ಗೊಬ್ಬರ, ಒಂದೇ ಕೈ. ಯಾಕೆಂದು ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ನಾಲ್ಕು ದಿನ ನಲ್ಲಿ ನೀರು ನಿಂತಿತು. ಮೇಲಿನ ನದಿಗೆ ಯಾರೋ ಏನೋ ಸುರಿದರಂತೆ. ಮನೆಗೇ ನೀರಿಲ್ಲ, ತೊಟ್ಟಿ ಒಣಗಿಯೇ ಇತ್ತು. ಅದೇ ತಿಂಗಳು ಓಡಾಟಕ್ಕೆ ಮತ್ತೆ ಕಟ್ಟು ಬಂತು, ಅಕ್ಷಯಾ ಬರುವ ಹಾಗಿಲ್ಲ. ನವೆಂಬರ್ ಮೊದಲ ಭಾನುವಾರ ವೇದಾಳ ಫೋನಿನಲ್ಲಿ ಮುಖ ತೋರಿಸಿದಳು. ನಾನು ಕ್ಯಾಲೆಂಡರ್ ಹಿಡಿದು ಓದಿದೆ. ಮೊದಲನೇ ಸಾಲು, ಹೋದದ್ದು ಒಂಬತ್ತು. ಎರಡು, ಎಂಟು. ಮೂರು, ಆರು. ನಾಲ್ಕು, ಮೂರು. ಐದರಿಂದ ಆಚೆಗೆ ಎಲ್ಲ ಸೇರಿ ಎರಡು.

ಅವಳು ಅಂಕಿಗಳನ್ನು ಸಾಲಾಗಿ ಬರೆದುಕೊಂಡಳು.

"ಅಜ್ಜಿ, ನೀರು ಯಾವ ಕಡೆಯಿಂದ ಹೋಗುತ್ತೆ?"

"ಮೊದಲನೇ ಸಾಲಿನಿಂದ. ತೊಟ್ಟಿಯಿಂದ."

"ಯಾವ ತೊಟ್ಟಿ?"

"ಕಾಲು ತೊಳೆಯೋದು."

"ಅದರಲ್ಲಿ ಬರೀ ನೀರಾ?"

ಆಗ ನನಗೆ ಗೊತ್ತಾಯಿತು. ಆದರೂ ಕೇಳಿದ್ದಕ್ಕೆ ಸರಿಯಾಗಿ ಹೇಳಿದೆ: ಎರಡು ಚಮಚ ಅರಿಶಿನ, ಎರಡು ಮುಚ್ಚಳ ಫಿನಾಯಿಲ್, ಜೂನ್ ಹದಿನೈದರಿಂದ.

"ಅಯ್ಯೋ ಅಜ್ಜಿ," ಅಂದಳು, ಬೈಯುವ ದನಿಯಲ್ಲಲ್ಲ. "ಆ ಸಾಸಿವೆ ಕಾಳಿಗೆ ಸಿಪ್ಪೆ ಗಟ್ಟಿ, ಅಷ್ಟಕ್ಕೆಲ್ಲ ಅದು ಸಾಯಲ್ಲ. ಮೆತ್ತಗಿರೋ ಹಸಿರು ಬೂಷ್ಟೇ ಮೊದ್ಲು ಸಾಯೋದು. ಮಣ್ಣಲ್ಲಿ ಮೊದಲಿಂದ ಇದ್ದದ್ದೂ ಹೋಗಿರುತ್ತೆ. ಕಾವಲು ತೆಗೆದು ಕಳ್ಳನ್ನ ಬಿಟ್ಟ ಹಾಗಾಯ್ತು."

ವೇದಾ, "ಬಿಡು ಅಮ್ಮ, ಗೊತ್ತಿಲ್ಲದೆ ಮಾಡಿದ್ದು," ಅಂದಳು. ನಾನು ಚಪ್ಪಲಿ ಹಾಕದೆ ಹಲಗೆ ದಾಟಿದೆ. ಶಿವಪ್ಪ ಏಣಿಯ ಮೇಲೆ ಎಲೆ ಕೊಯ್ಯುತ್ತಿದ್ದ. ಇಳಿದು ಬಾ ಅಂದೆ, ಇಳಿದು ಬಂದ. ಎಲ್ಲ ಹೇಳಿದೆ.

"ಗೊತ್ತೈತ್ರಿ ಅವ್ವಾರ," ಅಂದ.

"ಏನು ಗೊತ್ತು?"

"ನೀರು ನಿಂತಿತ್ತಲ್ರಿ, ನಾಕು ದಿನ. ತೊಟ್ಟಿ ನೀರು ಹೋಗಲಿಲ್ಲ. ಐದನೇ ದಿನ ನೋಡಿದ್ರ ಒಂದನೇ ಸಾಲಿನಾಗ ಎರಡು ಬುಡಕ್ಕ ಹಸಿರು ಬಂದಿತ್ತು. ಆಮ್ಯಾಲೆ ನೀವು ತೊಟ್ಟಿ ತುಂಬಿದ್ರಿ, ಹೋತು. ಆಗ ತಿಳೀತು."

"ಎಷ್ಟು ದಿನವಾಯಿತು?"

"ಹತ್ತು ದಿನ ಆತೇನ್ರಿ. ಅವತ್ತಿಂದ ಬಿರಟಿ ಎಳದಿಲ್ಲ. ನೀವು ದೀಪ ಹಚ್ಚಾಕ ಒಳಗ ಹೋದ ಮ್ಯಾಲೆ ಬಕೆಟ್ಟಿಲೆ ತೋಡಿ ಲೊಂಕಾಂಗಿಗೆ ಹಾಕತೇನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೆಂಗ ಹೇಳಲ್ರಿ? ಹಿರಿಯಾರು ನೀವು. ನಾನ ತೊಟ್ಟಿ ನಿಮ್ಮ ವಶ ಅಂದಾಂವ. ಛಲೋ ಮಾಡೀರಿ ಅಂದಾಂವನೂ ನಾನ. ನಿಮ್ಮ ಮನಸಿಗೆ ಹತ್ತತೈತಿ ಅಂತ ಬಿಟ್ಟೆ."

ನನಗೆ ಸಿಟ್ಟು ಬಂತು. ತಪ್ಪು ಮಾಡಿದವಳು ನಾನೇ ಆದರೂ ಬಂತು. "ನನ್ನ ಮನಸ್ಸಿನ ಲೆಕ್ಕ ಆಮೇಲೆ. ಹತ್ತು ದಿನದಲ್ಲಿ ಎರಡು ಸಲ ಹಸಿರನ್ನ ಬೆಳೆಸಬಹುದಿತ್ತು. ಟೌಕೆ ಬರೋಕೆ ಇನ್ನು ಮೂರು ತಿಂಗಳಿದೆ. ನಿನ್ನ ಮರ್ಯಾದೆಗೆ ಬಳ್ಳಿ ಕಾಯುತ್ತಾ ಕೂತಿರುತ್ತದಾ?"

"ಇಲ್ರಿ," ಅಂದ.

"ಇನ್ನು ಮೇಲೆ ಏನು ತಪ್ಪು ಕಂಡರೂ ಅವತ್ತೇ ಹೇಳು. ನಾನೂ ಹೇಳುತ್ತೇನೆ."

"ಹೂಂ ಅವ್ವಾರ." ಸ್ವಲ್ಪ ತಡೆದು, "ಹಂಗಾದ್ರ ಒಂದು ಮಾತ್ರಿ. ನೀವು ಹೋದ ವಾರ ಹಬಿಯಾಗ ಇಟ್ಟ ಅನ್ನ ಭಾಳ ಮೆತ್ತಗಾಗಿತ್ತು. ಮುದ್ದಿ ಆಗಿ ಗಾಳಿ ಆಡಂಗಿಲ್ಲ," ಅಂದ.

ಅದು ನಿಜವೇ ಆಗಿತ್ತು.

ಅಕ್ಷಯಾ ಹೇಳಿದ್ದು ಇಷ್ಟು. ಮುಂದಿನ ಸಾಲುಗಳ ಮಣ್ಣಿನ ಜೀವ ಹೋಗಿದೆ, ಬರೀ ಹೆಪ್ಪು ಹಾಕಿದರೆ ಸಾಲದು. ರೋಗ ಬರದ ಮಣ್ಣು ತೋಟದಲ್ಲೇ ಇದ್ದರೆ ಅದನ್ನು ತಂದು ಸೇರಿಸಿ, ಅದರಲ್ಲಿ ನಾವು ಹೆಸರಿಡದ ಕಾವಲುಗಾರರೂ ಇರುತ್ತಾರೆ. ಹಿಂದಿನ ಮೂಲೆಯಲ್ಲಿ ಶಿವಪ್ಪ ಮೊದಲು ನೆಟ್ಟ ಬಳ್ಳಿಯಿತ್ತು, ಅದಕ್ಕೆ ಇಪ್ಪತ್ತು ವರ್ಷದಲ್ಲಿ ಬುಡರೋಗವೇ ಬಂದಿರಲಿಲ್ಲ. ಅದರ ಸುತ್ತ ಬೇರಿಗೆ ತಾಗದ ಹಾಗೆ ಮಣ್ಣು ಬಗೆದ. ಮುಂದಿನ ಒಂದೊಂದು ಬುಡದಲ್ಲೂ ಗೇಣುದ್ದ ಗುಂಡಿ ತೆಗೆದು ಹಳೆಯ ಮಣ್ಣನ್ನು ಸೋಸಿದೆವು. ಸೋಸಿದ್ದು ನಾನು, ರವೆ ಜರಡಿಯಲ್ಲಿ. ಸಾಸಿವೆ ಕಾಳು ಜರಡಿಯ ಮೇಲೆ ನಿಲ್ಲುತ್ತಿತ್ತು. ಒಂದು ಗುಂಡಿಯಲ್ಲಿ ನೂರಾ ನಲವತ್ತು, ಇನ್ನೊಂದರಲ್ಲಿ ಇನ್ನೂರು ದಾಟಿತು. ಎಲ್ಲವನ್ನೂ ತಗಡಿನ ಮೇಲೆ ಹುರಿದು ಸುಟ್ಟೆವು. ಮಳೆಗಾಲವಾದ್ದರಿಂದ ಕೆಲಸ ಮಧ್ಯಾಹ್ನದೊಳಗೆ ಮುಗಿಯಬೇಕಿತ್ತು. ಮೂಲೆಯ ಮಣ್ಣು, ಹಸಿರು ಗೊಬ್ಬರ, ಹಿಂಡಿ ಸೇರಿಸಿ ಗುಂಡಿ ತುಂಬಿ, ಹಿಂದಿನ ಸಾಲಿನ ಗಟ್ಟಿ ಬಳ್ಳಿಯಿಂದ ಮೂರು ಗಣ್ಣಿನ ತುಂಡು ಕತ್ತರಿಸಿ ನೆಟ್ಟ. ಇಪ್ಪತ್ತಾರು ಗುಂಡಿಗೆ ಹದಿಮೂರು ದಿನ ಹಿಡಿಯಿತು. ತೊಟ್ಟಿ ಇದ್ದಲ್ಲೇ ಇತ್ತು, ಅದರ ನೀರು ಈಗ ಮೋರಿಗೆ. ಅಪ್ಪನ ಪದ್ಧತಿ ಬಿಟ್ಟದ್ದಕ್ಕೆ ಶಿವಪ್ಪ ಒಮ್ಮೆ ಮಾತ್ರ, "ನಮ್ಮಪ್ಪನ ಕಾಲಕ್ಕ ಫಿನಾಯಿಲ್ ಎಲ್ಲಿತ್ರಿ?" ಅಂದ.

ದೀಪಾವಳಿ ವಾರ ಎಲೆಗೆ ಬಹಳ ಜನ ಬಂದರು. ಕೊಡಲು ಎಲೆ ಕಡಿಮೆ. ಮನೆಗೆ ಹತ್ತೇ ಎಲೆ ಎಂದು ಹೇಳಿ ಕಳಿಸಿದ, ಮುಂದಿನ ಸಾಲಿನದನ್ನು ಮುಟ್ಟಲಿಲ್ಲ. ಡಿಸೆಂಬರಿನಲ್ಲಿ ಎರಡು ತುಂಡು ಕೊಳೆತವು, ಜನವರಿಯಲ್ಲಿ ಒಂದು. ಆ ಮೂರರ ಬುಡದಲ್ಲೂ ಬಿಳಿ ನೂಲಿತ್ತು, ಆದರೆ ಪಕ್ಕದ ಬಳ್ಳಿಗೆ ದಾಟಲಿಲ್ಲ. ಅಲ್ಲಿ ಸಿಕ್ಕ ಕಾಳನ್ನು ಶಿವಪ್ಪ ಒತ್ತಿ ನೋಡಿದ. ಈ ಸಲ ಪುಸಕ್ಕನೆ ಒಡೆಯಿತು, ಒಳಗೆ ಹಸಿರು ಪುಡಿ. ಅದನ್ನು ಉಗುರಿನ ಮೇಲಿಟ್ಟುಕೊಂಡೇ ಹಲಗೆ ದಾಟಿ ಬಂದು ನನಗೆ ತೋರಿಸಿದ.

ಫೆಬ್ರುವರಿ ಆರನೇ ತಾರೀಕು, ಶನಿವಾರ, ಟೌಕೆ ಬಂದರು. ಮತ್ತೆ ಊರು ಬಾಗಿಲು ಹಾಕಿದ್ದ ಕಾಲ. ನಾನು ಗೇಟಿನ ಈಚೆಗೇ ನಿಂತೆ. ಅವರು ಒಂದೊಂದೇ ಸಾಲು ನಡೆದು ಬೆರಳು ಮಡಿಸಿ ಎಣಿಸಿದರು. ನನ್ನ ಕ್ಯಾಲೆಂಡರಿನಲ್ಲಿ ನೂರಾ ಹದಿನೈದಿತ್ತು. ಅವರದ್ದೂ ಅಷ್ಟೇ ಆಯಿತು. ಹೊಸ ಬಳ್ಳಿಗಳು ಮೊಣಕಾಲಿನ ಮೇಲಕ್ಕೆ ಹತ್ತಿದ್ದವು. ಮೊದಲನೇ ಸಾಲಿನಲ್ಲಿ ಕೂತು ಗಾಡಿಯ ಕೀಲಿಯಿಂದ ಬುಡ ಕೆರೆದರು, ಒಂದು ಚಿಟಿಕೆ ಮಣ್ಣು ಮಾಸ್ಕ್ ಸರಿಸಿ ಮೂಸಿದರು. ಗಿಡದ ವ್ಯಾಪಾರ ಮಾಡಿದವರು, ಮಣ್ಣಿಗೆ ಜೀವ ಬಂದಿದೆಯೆಂದು ಅವರಿಗೆ ಗೊತ್ತಾಯಿತು. ತಲೆಯಾಡಿಸಿದರು.

ಆದರೆ ಕೈ ತೊಳೆದುಕೊಂಡು ನಿಂತಾಗ ಇನ್ನೊಂದು ಮಾತು ಹೇಳಿದರು. ಬಳ್ಳಿ ನಿಂತಿದೆ, ತೋಟ ನಿನ್ನದು, ಮಾತಿಗೆ ತಪ್ಪುವುದಿಲ್ಲ. ಆದರೂ ಒಬ್ಬ ಲಾರಿಯವನಿಗೆ ಹೂಂ ಅಂದುಬಿಟ್ಟಿದ್ದೇನೆ, ಬಂದರಿನ ದಾರಿಯಲ್ಲಿ ಅವನ ಗಾಡಿ ಮಳೆಯಲ್ಲಿ ನಿಂತಿದೆ. ರಸ್ತೆ ಪಕ್ಕದ ಎರಡು ಸಾಲು ಬಿಟ್ಟುಕೊಡು, ಒಂದೇ ಲಾರಿ, ಹೆಚ್ಚಲ್ಲ.

ಆ ಎರಡು ಸಾಲು ಅಂದರೆ ಒಂದನೆಯದು, ಎರಡನೆಯದು. ನಾವು ಜರಡಿ ಹಿಡಿದ ಮಣ್ಣು.

ಶಿವಪ್ಪ ಇದನ್ನು ನನಗೆ ಕನ್ನಡದಲ್ಲಿ ಹೇಳಿ, "ಏನಂತೀರಿ ಅವ್ವಾರ?" ಅಂದ.

"ತೋಟ ನಿನ್ನದು. ನೀನು ಹೇಳು."

ಅವನು ಸಾಲುಗಳ ಕಡೆ ನೋಡಿದ. ಆಮೇಲೆ ಟೌಕೆಗೆ ಮಲಯದಲ್ಲಿ ನಿಧಾನವಾಗಿ ಹೇಳಿದ, ಬೆರಳಿನಿಂದ ನೆಲ ತೋರಿಸುತ್ತಾ. ಟೌಕೆ ನಕ್ಕರು, ನನ್ನ ಕಡೆಯೂ ನೋಡಿ ನಕ್ಕರು. ಶಿವಪ್ಪ ಮೂರು ಕೇಳಿದ್ದನಂತೆ. ಮೂರು ವಾರ ಟೈಮು. ಎರಡು ಸಾಲಿನ ಮೇಲ್ಮಣ್ಣೆಲ್ಲ ತನಗೆ. ಲಾರಿ ತೊಳೆದ ನೀರು, ಎಣ್ಣೆ ನೀರು ಒಂದು ಹನಿಯೂ ಈ ಕಡೆ ಬರದ ಹಾಗೆ ಸಿಮೆಂಟಿನ ಇಳಿಜಾರು ಮೋರಿ ಕಡೆಗೆ. ಜಾಗ ಕಳಕೊಳ್ಳುವವರು ಹಣ ಕೇಳುವುದನ್ನು ನೋಡಿದ್ದೇನೆ, ಮಣ್ಣು ಕೇಳುವವನು ನೀನೊಬ್ಬನೇ, ಬೋಲೆ, ಬೋಲೆ, ಅಂದರಂತೆ. ಬೋಲೆ ಎಂದರೆ ಆಗ್ಲಿ ಅಂತ.

ಮೂರು ವಾರದಲ್ಲಿ ಅರವತ್ತೆರಡು ಚೀಲ ಮಣ್ಣು ಹಿಂದಕ್ಕೆ ಹೋಯಿತು. ಒಂದನೇ, ಎರಡನೇ ಸಾಲಿನಲ್ಲಿ ನಿಂತಿದ್ದ ಹದಿನೇಳು ಬಳ್ಳಿಗಳನ್ನು ಮರದಿಂದ ಬಿಡಿಸಿ, ಸುರುಳಿ ಸುತ್ತಿ, ಬುಡದ ಮಣ್ಣು ಕದಲದ ಹಾಗೆ ಬಾಂಡಲಿಯಲ್ಲಿ ಹೊತ್ತು ಒಯ್ದು, ಹಿಂದಿನ ಮೂಲೆಯ ಆಚೆ ಹೊಸ ಸಾಲು ಮಾಡಿ ಇಳಿಸಿದ. ಹದಿನೈದು ಹತ್ತಿದವು. ಮೂರನೇ ಸಾಲಿನ ಮುಂದೆ ಮೊಳ ಎತ್ತರದ ಬದು ಕಟ್ಟಿದ. ತೊಟ್ಟಿಯನ್ನು ಕಿತ್ತು ಬದುವಿನ ಈಚೆ ಹೂತ.

ಟೌಕೆ ಮುಂದಿನ ಜಾಗಕ್ಕೆ ಸಿಮೆಂಟ್ ಹಾಕಿಸಿ, ಅದು ಒಣಗಿ, ಮಾರ್ಚ್ ಹತ್ತಕ್ಕೆ ಲಾರಿ ಬಂತು. ಡ್ರೈವರು ಹಿಂದಕ್ಕೆ ಹಿಂದಕ್ಕೆ ತಂದು ನಿಲ್ಲಿಸಿ ಇಳಿಯುವಷ್ಟರಲ್ಲಿ ಶಿವಪ್ಪ ಒಂದು ಬಕೆಟ್ ನೀರು ಹಿಡಿದು ಬದುವಿನ ಆಚೆ ನಿಂತಿದ್ದ. ಏನು, ತೊಳೆದುಕೊಡುತ್ತೀಯಾ, ಎಂದು ಡ್ರೈವರು ತಮಿಳಿನಲ್ಲಿ ಕೇಳಿದ. ಶಿವಪ್ಪ ಹಿಂದಿನ ಚಕ್ರದ ಬುಡಕ್ಕೆ ಬಕೆಟ್ ಪೂರ್ತಿ ಸುರಿದ. ನೀರು ಸಿಮೆಂಟಿನ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಲೊಂಕಾಂಗಿನ ಕಡೆಗೆ ಇಳಿಯಿತು. ಎರಡನೇ ಬಕೆಟ್ ತಂದು ಮುಂದಿನ ಚಕ್ರಕ್ಕೂ ಸುರಿದ. ಅದೂ ಅತ್ತಲೇ ಹೋಯಿತು. ಬಕೆಟ್ ಬೋರಲು ಹಾಕಿ ಕಾಲು ತೊಳೆದು ಒಳಗೆ ಹೋದ. ಬಾಂಗ್ಸಾರಿನವರು ನಾಮಕರಣಕ್ಕೆಂದು ಇನ್ನೂರು ಎಲೆ ಹೇಳಿದ್ದರು, ಹತ್ತು ಗಂಟೆಗೆ ಬರುವವರಿದ್ದರು.